ಲೈಬ್ರರಿ, ಓದುವ ಸ್ವಾತಂತ್ರ್ಯ, ಎಐ: ಬೆಂಗಳೂರಿನ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಂಥಾಲಯದ ಬಗ್ಗೆ ಎಲ್ಲಿ ಮಾತಿಗೆ ಕೂತರೂ ಈಗ ಎಐ ವಿಷಯ ಬಂದೇ ಬರುತ್ತದೆ. ಪರೀಕ್ಷೆಗೆ ಓದುವ ಹುಡುಗರು, ಬೆಳಗ್ಗೆ ಪೇಪರ್ ನೋಡಲು ಬರುವ ಹಿರಿಯರು, ಮಕ್ಕಳ ಜೊತೆ ಬರುವ ತಾಯಂದಿರು, ಶಾಖಾ ಗ್ರಂಥಾಲಯದ ಸಿಬ್ಬಂದಿ, ಸಣ್ಣ ಪ್ರಕಾಶಕರು ಎಲ್ಲರೂ ಕೇಳುತ್ತಾರೆ. ಕೆಲವರು ಪತ್ರ ಬರೆದೂ ಕೇಳಿದ್ದಾರೆ. ಅವರ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಟ್ಟು ಉತ್ತರ ಬರೆದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಎಐ ಲೈಬ್ರರಿಗೆ ಬರಲಿ. ಆದರೆ ಯಾವ ಪುಸ್ತಕ ಕಪಾಟಿನಲ್ಲಿ ಇರಬೇಕು, ಯಾರು ಏನು ಓದಿದರು ಅನ್ನೋದು ಯಾರಿಗೆ ಗೊತ್ತಾಗಬೇಕು, ಈ ಎರಡು ತೀರ್ಮಾನ ಮನುಷ್ಯರ ಕೈಯಲ್ಲೇ ಇರಬೇಕು. "ಯಾಕೆ ಹೀಗೆ ಮಾಡಿದಿರಿ?" ಎಂದು ಎದುರು ನಿಂತು ಕೇಳಿದರೆ ಉತ್ತರ ಕೊಡಬೇಕಾದ ಮನುಷ್ಯರು. ಇದು ಬಾಯಿ ಮಾತಿನಲ್ಲಿ ಇದ್ದರೆ ಸಾಲದು, ಕಾಗದದ ಮೇಲೆ ಇರಬೇಕು.

## ಮೊದಲಿಗೆ

ಈ "ಬೌದ್ಧಿಕ ಸ್ವಾತಂತ್ರ್ಯ" ಅಂದ್ರೆ ಏನು? ಲೈಬ್ರರಿಗೂ ಅದಕ್ಕೂ ಏನು ಸಂಬಂಧ?

ನಿಮಗೆ ಬೇಕಾದ್ದನ್ನು ಓದುವುದು. ಯಾಕೆ ಓದುತ್ತಿದ್ದೀರಿ ಎಂದು ಯಾರಿಗೂ ವಿವರಣೆ ಕೊಡಬೇಕಾಗಿಲ್ಲದಿರುವುದು. ಓದಿದ್ದು ನಿಮ್ಮ ಹತ್ತಿರವೇ ಉಳಿಯುವುದು. ಇಷ್ಟೇ.

ಸಂವಿಧಾನದ 19(1)(ಎ) ವಿಧಿ ಮಾತಿನ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ಕೊಟ್ಟಿದೆ. ಮಾಹಿತಿ ಪಡೆಯುವ ಹಕ್ಕೂ ಅದರೊಳಗೇ ಇದೆ ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. ದುಡ್ಡಿದ್ದವರು ಪುಸ್ತಕ ಕೊಂಡು ಓದುತ್ತಾರೆ. ದುಡ್ಡಿಲ್ಲದವರಿಗೆ ಆ ಹಕ್ಕು ನಿಜವಾಗಿ ಕೈಗೆ ಸಿಗುವ ಜಾಗ ಸಾರ್ವಜನಿಕ ಗ್ರಂಥಾಲಯ. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾ ಮತ್ತು ಯುನೆಸ್ಕೊ ಸೇರಿ ಹೊರಡಿಸಿರುವ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ ಮೊದಲು ಬಂದದ್ದು 1949ರಲ್ಲಿ, ಈಚೆಗೆ ಪರಿಷ್ಕಾರ ಆದದ್ದು 2022ರಲ್ಲಿ. ಲೈಬ್ರರಿಯ ಪುಸ್ತಕಗಳ ಮೇಲೆ ಸಿದ್ಧಾಂತದ, ರಾಜಕೀಯದ, ಧರ್ಮದ ಸೆನ್ಸಾರ್ ಇರಬಾರದು, ವ್ಯಾಪಾರದ ಒತ್ತಡವೂ ಇರಬಾರದು ಎಂದು ಅದು ಹೇಳುತ್ತದೆ. ಎಐ ವಿಷಯದಲ್ಲಿ ಆ ಕೊನೆಯ ಮಾತು ತುಂಬಾ ಮುಖ್ಯ.

ಅಮೆರಿಕದಲ್ಲಿ ಊರಿನ ಲೈಬ್ರರಿಗೆ ನೀತಿ ಮಾಡೋ ಲೈಬ್ರರಿ ಬೋರ್ಡ್ ಅಂತಾರಲ್ಲ, ನಮ್ಮಲ್ಲಿ ಅದು ಯಾರು?

ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ಗ್ರಂಥಾಲಯ ಪ್ರಾಧಿಕಾರ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ರಾಜ್ಯ, ನಗರ, ಜಿಲ್ಲೆ ಹೀಗೆ ಮೂರು ಹಂತದಲ್ಲಿ ಪ್ರಾಧಿಕಾರಗಳನ್ನು ಮಾಡಿದೆ. ಆಡಳಿತ ಸಾರ್ವಜನಿಕ ಗ್ರಂಥಾಲಯ ಇಲಾಖೆಯದು. ಹಣದ ದೊಡ್ಡ ಪಾಲು ಗ್ರಂಥಾಲಯ ಕರದಿಂದ ಬರುತ್ತದೆ. ನಿಮ್ಮ ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ತೆರಿಗೆಯ ಮೇಲೆ 6 ಶೇಕಡಾ ಲೈಬ್ರರಿ ಸೆಸ್ ಇರುತ್ತದೆ. ಹಾಗಾಗಿ ಇದು ನಿಮ್ಮ ದುಡ್ಡು, ಕೇಳುವ ಹಕ್ಕೂ ನಿಮ್ಮದು.

ನಗರದ ಪ್ರಾಧಿಕಾರದಲ್ಲಿ ಚುನಾಯಿತ ಪ್ರತಿನಿಧಿಗಳಿಗೆ ದೊಡ್ಡ ಪಾತ್ರ ಇದೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ಗೆ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಇಂಥ ಹೊತ್ತಿನಲ್ಲಿ ಲೈಬ್ರರಿಯ ನೀತಿ ಯಾರ ತಲೆಗೂ ಬರದೆ ಉಳಿಯುವ ಅಪಾಯ ಜಾಸ್ತಿ. ಅದಕ್ಕೇ ಓದುಗರು ಕೇಳಬೇಕು.

ನಮ್ಮ ಏರಿಯಾ ಲೈಬ್ರರಿಯಲ್ಲಿ ಫ್ಯಾನೇ ಸರಿಯಾಗಿ ತಿರುಗಲ್ಲ. ಅಲ್ಲಿಗೆ ಎಐ ಎಲ್ಲಿಂದ ಬಂತು?

ಯಾರೂ "ಎಐ ಬಂತು" ಎಂದು ಬೋರ್ಡ್ ಹಾಕುವುದಿಲ್ಲ. ಅದು ಬೇರೆ ಸಾಮಾನಿನ ಜೊತೆ ಸೇರಿ ಬರುತ್ತದೆ. ಇ-ಪುಸ್ತಕದ ಆ್ಯಪ್‌ನಲ್ಲಿ "ನಿಮಗೆ ಇಷ್ಟವಾಗಬಹುದು" ಎಂದು ಸಾಲಾಗಿ ತೋರಿಸುವುದು ಒಂದು. ಕ್ಯಾಟಲಾಗ್‌ನಲ್ಲಿ ಹುಡುಕಿದಾಗ ಯಾವುದು ಮೇಲೆ, ಯಾವುದು ಕೆಳಗೆ ಎಂದು ಜೋಡಿಸುವುದು ಇನ್ನೊಂದು. ಸ್ಕ್ಯಾನ್ ಮಾಡಿದ ಪುಟವನ್ನು ಅಕ್ಷರಕ್ಕೆ ಇಳಿಸುವ ತಂತ್ರಾಂಶ, ಗೇಟಿನ ಕ್ಯಾಮೆರಾ ಕೂಡ ಹಾಗೇ. ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಶುರುವಾಯಿತು, ಅಂದರೆ ಲೈಬ್ರರಿ ಈಗಾಗಲೇ ಮೊಬೈಲ್ ಒಳಗೆ ಬಂದಿದೆ. ಇವೆಲ್ಲ ಬಿಟ್ಟರೂ ಓದುಗನ ಜೇಬಿನ ಮೊಬೈಲಿನಲ್ಲೇ, ಕೇಳಿದ್ದಕ್ಕೆ ಉತ್ತರ ಕೊಡುವ ಎಐ ಚಾಟ್‌ಬಾಟ್ ಇದೆ. ಫ್ಯಾನ್ ರಿಪೇರಿ ಆಗಲೇಬೇಕು. ಅದು ಆಗುವವರೆಗೆ ಈ ಪ್ರಶ್ನೆ ಕಾಯುವುದಿಲ್ಲ.

ಎಐ ಬಂದ್ರೆ ಲೈಬ್ರರಿಯನ್ ಬೇಕಾಗಲ್ಲ ಅಲ್ವಾ?

ಇನ್ನೂ ಜಾಸ್ತಿ ಬೇಕಾಗುತ್ತಾರೆ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಎನ್ನುವುದು. ಆ ಕೆಲಸಕ್ಕೆ ಎಐ ನಿಜವಾಗಿ ನೆರವಾಗುತ್ತದೆ. ಆದರೆ ಎರಡನೆಯ ಸೂತ್ರ ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುತ್ತದೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ಜನ ಹೆಚ್ಚು ಕೇಳುವ ಪುಸ್ತಕವನ್ನೇ ಮತ್ತೆ ಮತ್ತೆ ಮುಂದೆ ತಳ್ಳುವ ಯಂತ್ರ, ಹತ್ತು ವರ್ಷದಿಂದ ಯಾರೂ ಮುಟ್ಟದ ಪುಸ್ತಕಕ್ಕೆ ಓದುಗನನ್ನು ಹುಡುಕಿ ಕೊಡುವುದಿಲ್ಲ. ಎದುರಿಗೆ ನಿಂತವರ ಮುಖ ನೋಡಿ, ಎರಡು ಮಾತಾಡಿಸಿ, ಒಳಗಿನ ಕಪಾಟಿನಿಂದ ಒಂದು ಪುಸ್ತಕ ತಂದುಕೊಡುವವರು ಬೇಕು.

## ಪುಸ್ತಕದ ಆಯ್ಕೆ, ಪುಸ್ತಕದ ಮೇಲೆ ದೂರು

ಯಾವ ಪುಸ್ತಕ ಕೊಳ್ಳಬೇಕು ಅಂತ ಎಐ ಹೇಳಿದ್ರೆ ಒಳ್ಳೇದಲ್ವಾ? ಶಿಫಾರಸು ಇರಲ್ಲ, ವಶೀಲಿ ಇರಲ್ಲ.

ಈ ಪ್ರಶ್ನೆಯ ಹಿಂದಿನ ಬೇಸರ ನನಗೆ ಅರ್ಥವಾಗುತ್ತದೆ. ಲೈಬ್ರರಿಗಳಿಗೆಂದು ಮಾಡುವ ಸಗಟು ಖರೀದಿಯ ಪಟ್ಟಿ ಬಂದಾಗಲೆಲ್ಲ ಕನ್ನಡ ಪ್ರಕಾಶಕರ ವಲಯದಲ್ಲಿ ಅಸಮಾಧಾನ ಏಳುತ್ತದೆ. ಆದರೆ ಯಂತ್ರಕ್ಕೆ ವಶೀಲಿ ಇಲ್ಲ ಎನ್ನುವುದು ನಿಜವಲ್ಲ. ಅದು ಎಲ್ಲಿ ಮಾಹಿತಿ ಜಾಸ್ತಿ ಇದೆಯೋ ಆ ಕಡೆ ವಾಲುತ್ತದೆ. ಇಂಗ್ಲಿಷಿನ ಜನಪ್ರಿಯ ಪುಸ್ತಕಕ್ಕೆ ಅಂತರ್ಜಾಲದಲ್ಲಿ ಸಾವಿರಾರು ವಿಮರ್ಶೆ ಇರುತ್ತವೆ. ಕೊಪ್ಪಳದಲ್ಲೋ ಚಾಮರಾಜನಗರದಲ್ಲೋ ಐನೂರು ಪ್ರತಿ ಅಚ್ಚಾದ ಕವನ ಸಂಕಲನದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಯಂತ್ರದ ಮಟ್ಟಿಗೆ ಆ ಪುಸ್ತಕ ಹುಟ್ಟೇ ಇಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಆಯ್ಕೆ ಸಮಿತಿ ತಪ್ಪು ಮಾಡಿದರೆ ಸದಸ್ಯರ ಹೆಸರು ಹಿಡಿದು ಕೇಳಬಹುದು, ನಡಾವಳಿ ತರಿಸಿ ನೋಡಬಹುದು. "ಸಿಸ್ಟಂ ಹಾಗೆ ತೋರಿಸಿತು" ಎಂದು ಹೇಳಿಬಿಟ್ಟರೆ ಕೇಳುವ ದಾರಿಯೇ ಮುಚ್ಚಿ ಹೋಗುತ್ತದೆ. ಎಷ್ಟು ಪ್ರತಿ ಎಲ್ಲಿ ಎರವಲು ಹೋಗುತ್ತಿದೆ, ಯಾವ ಶಾಖೆಯಲ್ಲಿ ಯಾವ ವಿಷಯದ ಪುಸ್ತಕ ಕಡಿಮೆ ಇದೆ ಎಂದು ಲೆಕ್ಕ ಕೊಡಲು ಎಐ ಬಳಸಲಿ. ಸಹಿ ಸಮಿತಿಯದೇ ಆಗಿರಲಿ, ಕಾರಣವನ್ನೂ ಸಮಿತಿಯೇ ಬರೆಯಲಿ.

ಒಂದು ಪುಸ್ತಕ ಸರಿಯಿಲ್ಲ, ತೆಗೀರಿ ಅಂತ ಯಾರಾದ್ರೂ ಅರ್ಜಿ ಕೊಟ್ರೆ ಏನಾಗಬೇಕು?

ಅರ್ಜಿ ಕೊಡುವುದು ಅವರ ಹಕ್ಕು. ಅದನ್ನು ಗೌರವದಿಂದ ತಗೊಳ್ಳಬೇಕು. ಆದರೆ ಅರ್ಜಿ ಬಂದ ತಕ್ಷಣ ಪುಸ್ತಕ ಮಾಯವಾಗಬಾರದು. ಪುಸ್ತಕವನ್ನು ಪೂರ್ತಿ ಓದಿದ್ದೀರಾ, ಯಾವ ಭಾಗ, ಯಾಕೆ ಎಂದು ಫಾರಂನಲ್ಲಿ ಕೇಳಬೇಕು. ಸಮಿತಿಯವರು ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದಬೇಕು. ಇಂತಿಷ್ಟು ದಿನದೊಳಗೆ ಕಾರಣ ಸಹಿತ ಲಿಖಿತ ಉತ್ತರ ಕೊಡಬೇಕು. ಅಲ್ಲಿಯವರೆಗೆ ಪುಸ್ತಕ ಕಪಾಟಿನಲ್ಲೇ ಇರಬೇಕು. ಈ ಕೊನೆಯ ಸಾಲು ನೀತಿಯಲ್ಲಿ ಇಲ್ಲದಿದ್ದರೆ ಉಳಿದದ್ದೆಲ್ಲ ಬರೆದೂ ಪ್ರಯೋಜನ ಇಲ್ಲ. ನಾಲ್ಕು ಜನ ಗಲಾಟೆ ಮಾಡಿದ ದಿನ ಒಬ್ಬಂಟಿ ಲೈಬ್ರರಿಯನ್‌ಗೆ ತೋರಿಸಲು ಒಂದು ಕಾಗದ ಬೇಕು.

ಅಷ್ಟು ದಪ್ಪ ಪುಸ್ತಕ ಯಾರು ಓದ್ತಾರೆ? ಕೆಟ್ಟದ್ದು ಇದೆಯೋ ಇಲ್ವೋ ಅಂತ ಎಐನೇ ಒಂದು ನಿಮಿಷದಲ್ಲಿ ಹೇಳಲ್ವಾ?

ಹೇಳುತ್ತದೆ. ಆ ಉತ್ತರ ನಂಬಿ ಏನಾಯಿತು ಎಂಬುದಕ್ಕೆ ನಿಜವಾದ ಉದಾಹರಣೆಯೇ ಇದೆ.

ಅಮೆರಿಕದ ಅಯೋವಾ ರಾಜ್ಯದಲ್ಲಿ 2023ರಲ್ಲಿ ಒಂದು ಕಾನೂನು ಬಂತು. ಲೈಂಗಿಕ ಕ್ರಿಯೆಯ ವರ್ಣನೆ ಇರುವ ಪುಸ್ತಕ ಶಾಲಾ ಲೈಬ್ರರಿಯಲ್ಲಿ ಇರಬಾರದು ಎಂದು ಅದು ಹೇಳಿತು. ಮೇಸನ್ ಸಿಟಿ ಎಂಬ ಊರಿನ ಶಾಲಾ ಆಡಳಿತಕ್ಕೆ ಎಲ್ಲ ಪುಸ್ತಕ ಓದಲು ಸಮಯ ಇರಲಿಲ್ಲ. ಎಲ್ಲೆಲ್ಲೋ ಆಕ್ಷೇಪ ಬಂದ ಪುಸ್ತಕಗಳ ಪಟ್ಟಿ ಮಾಡಿಕೊಂಡರು. ಒಂದೊಂದು ಹೆಸರು ಹಾಕಿ, ಇದರಲ್ಲಿ ಅಂಥ ವರ್ಣನೆ ಇದೆಯೇ ಎಂದು ಚಾಟ್‌ಜಿಪಿಟಿಗೆ ಕೇಳಿದರು. ಹೌದು ಎಂದು ಬಂದ ಉತ್ತರಗಳನ್ನು ಹಿಡಿದು 19 ಪುಸ್ತಕಗಳನ್ನು ತೆಗೆದರು. ಅವುಗಳಲ್ಲಿ ಹೆಸರಾಂತ ಕಾದಂಬರಿಗಳೂ ಇದ್ದವು. ಪತ್ರಕರ್ತರು ಅದೇ ಪ್ರಶ್ನೆಯನ್ನು ಅದೇ ಯಂತ್ರಕ್ಕೆ ಕೇಳಿದಾಗ ಕೆಲವು ಪುಸ್ತಕಗಳಿಗೆ ಬೇರೆಯೇ ಉತ್ತರ ಬಂತು.

ಚಾಟ್‌ಬಾಟ್ ಆ ಕ್ಷಣದಲ್ಲಿ ಪುಸ್ತಕ ತೆರೆದು ಓದುವುದಿಲ್ಲ. ಆ ಪುಸ್ತಕದ ಬಗ್ಗೆ ಜನ ಎಲ್ಲೆಲ್ಲಿ ಏನೇನು ಬರೆದಿದ್ದಾರೋ ಅದರ ಛಾಯೆಯಿಂದ ಒಂದು ಉತ್ತರ ಹೆಣೆಯುತ್ತದೆ. ಗಲಾಟೆ ಆದ ಪುಸ್ತಕದ ಬಗ್ಗೆ ಗಲಾಟೆಯ ಬರಹವೇ ಜಾಸ್ತಿ ಇರುತ್ತದೆ, ಆದ್ದರಿಂದ ಅದಕ್ಕೆ "ಹೌದು" ಬರುವ ಸಂಭವವೂ ಜಾಸ್ತಿ. ಕನ್ನಡ ಪುಸ್ತಕವಾದರೆ ಆ ಛಾಯೆಯೂ ತೆಳು, ಊಹೆಯೇ ಹೆಚ್ಚು.

ನನ್ನನ್ನು ತುಂಬಾ ಕಾಡಿದ ಸಂಗತಿ ಇನ್ನೊಂದಿದೆ. ಲೈಬ್ರರಿಗಳ ಹಕ್ಕುಪತ್ರ (ಲೈಬ್ರರಿ ಬಿಲ್ ಆಫ್ ರೈಟ್ಸ್) ಎಂದು ಜಗತ್ತು ಇವತ್ತು ಕರೆಯುವ ದಾಖಲೆ ಹುಟ್ಟಿದ್ದು ಅದೇ ಅಯೋವಾದಲ್ಲಿ. ಡೆ ಮೊಯ್ನ್ ನಗರದ ಸಾರ್ವಜನಿಕ ಗ್ರಂಥಾಲಯದ ಬೋರ್ಡ್ 1938ರಲ್ಲಿ ಅದನ್ನು ಒಪ್ಪಿಕೊಂಡಿತು. ಮರುವರ್ಷ ಅಮೆರಿಕದ ಗ್ರಂಥಾಲಯ ಸಂಘ ಅದನ್ನು ಇಡೀ ದೇಶಕ್ಕೆ ತನ್ನದಾಗಿಸಿಕೊಂಡಿತು. ಓದುಗನ ಗೋಪ್ಯತೆ ಕುರಿತ ಏಳನೆಯ ಕಲಂ ಸೇರಿದ್ದು 2019ರಲ್ಲಿ. ಒಂದು ಊರಿನ ಬೋರ್ಡ್ ಒಪ್ಪಿದ ಅರ್ಧ ಪುಟ ಎಂಬತ್ತು ವರ್ಷಕ್ಕೂ ಮಿಗಿಲಾಗಿ ಬಾಳಿದೆ. ನಮ್ಮ ನಗರದ ಪ್ರಾಧಿಕಾರವೂ ಅಂಥದ್ದೊಂದು ಬರೆಯಬಲ್ಲದು ಎಂದು ನಾನು ನಂಬಿದ್ದೇನೆ.

ಸರ್ಕಾರವೇ ನಿಷೇಧಿಸಿದ ಪುಸ್ತಕ ಇದ್ರೆ?

ಅದು ಬೇರೆ ವಿಷಯ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ, ಕಾರಣ ಹೇಳಿ, ಪುಸ್ತಕದ ಪ್ರತಿಗಳನ್ನು ಮುಟ್ಟುಗೋಲು ಹಾಕಬಹುದು. ಅದನ್ನು ಎರಡು ತಿಂಗಳೊಳಗೆ ಹೈಕೋರ್ಟಿನಲ್ಲಿ ಪ್ರಶ್ನಿಸಲೂಬಹುದು. ಲೈಬ್ರರಿ ಕಾನೂನು ಪಾಲಿಸಬೇಕು. ಆದರೆ ಅಧಿಸೂಚನೆ ಇದ್ದರೆ ಮಾತ್ರ. ಯಾರೋ ಫೋನ್ ಮಾಡಿ ಹೇಳಿದ್ದು, ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ್ದು, ಎಐ "ವಿವಾದಿತ" ಎಂದು ಗುರುತು ಹಾಕಿದ್ದು ಯಾವುದೂ ನಿಷೇಧ ಅಲ್ಲ.

ಎಐ ಬರೆದ ಪುಸ್ತಕಗಳನ್ನ ಲೈಬ್ರರಿ ತಗೋಬೇಕಾ?

ಪೂರ್ತಿ ಬೇಡ ಎಂದು ಬಾಗಿಲು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಎಐ ನೆರವಿನಿಂದ ಒಳ್ಳೆಯ ಪುಸ್ತಕವೂ ಬರಬಹುದು. ಆದರೆ ಓದುಗನಿಗೆ ಗೊತ್ತಾಗಬೇಕು. ಖರೀದಿಗೆ ಅರ್ಜಿ ಹಾಕುವ ಪ್ರಕಾಶಕರು, ಬರಹ, ಅನುವಾದ, ಚಿತ್ರ ಯಾವುದರಲ್ಲಿ ಎಐ ಎಷ್ಟು ಬಳಕೆಯಾಗಿದೆ ಎಂದು ಒಂದು ಸಾಲಿನ ಘೋಷಣೆ ಕೊಡಲಿ. ಕ್ಯಾಟಲಾಗ್‌ನಲ್ಲೂ ಅದು ಕಾಣಲಿ. ಔಷಧಿ, ಕಾಯಿಲೆ, ಕಾನೂನು, ಅಣಬೆ ಗಿಡಮೂಲಿಕೆಗಳಂಥ ವಿಷಯದಲ್ಲಿ ಇನ್ನೂ ಬಿಗಿ ಬೇಕು, ಅಲ್ಲಿ ತಪ್ಪು ಮಾಹಿತಿ ಜೀವಕ್ಕೇ ಕುತ್ತು ತರುತ್ತದೆ. ಇ-ಪುಸ್ತಕಗಳನ್ನು ಸಾವಿರದ ಲೆಕ್ಕದಲ್ಲಿ ಕಟ್ಟು ಕಟ್ಟಿ ಮಾರುವ ಕಂಪನಿಗಳ ಜೊತೆ ಒಪ್ಪಂದ ಮಾಡುವಾಗ ಎಚ್ಚರ ಬೇಕು. ಒಂದೊಂದು ಪುಸ್ತಕ ನೋಡಿ ಬೇಡವಾದ್ದನ್ನು ಬಿಡುವ ಹಕ್ಕು ಲೈಬ್ರರಿಗೆ ಇರಬೇಕು.

## ಓದುಗರು ಎಐ ಬಳಸುವಾಗ

ಎಐ ಒಂದು ಪುಸ್ತಕದ ಹೆಸರು ಹೇಳ್ತು. ಲೈಬ್ರರಿಯಲ್ಲಿ ಕೇಳಿದ್ರೆ ಅಂಥ ಪುಸ್ತಕನೇ ಇಲ್ಲ ಅಂತಾರೆ. ಬಚ್ಚಿಟ್ಟಿದ್ದಾರಾ?

ಇಲ್ಲ. ಆ ಪುಸ್ತಕ ಬಹುಶಃ ಯಾರೂ ಬರೆದೇ ಇಲ್ಲ. 2025ರ ಮೇ ತಿಂಗಳಲ್ಲಿ ಷಿಕಾಗೋ ಸನ್-ಟೈಮ್ಸ್ ಪತ್ರಿಕೆಯ ಪುರವಣಿಯಲ್ಲಿ ಬೇಸಿಗೆ ರಜೆಗೆ ಓದಬೇಕಾದ 15 ಪುಸ್ತಕಗಳ ಪಟ್ಟಿ ಬಂತು. ಲೇಖಕರೆಲ್ಲ ನಿಜವಾದವರು. ಪುಸ್ತಕಗಳಲ್ಲಿ 10 ಸುಳ್ಳು. ಪಟ್ಟಿ ಮಾಡಿದವರು ಎಐ ಕೊಟ್ಟದ್ದನ್ನು ಪರೀಕ್ಷಿಸದೆ ಹಾಕಿದ್ದರು.

ಕನ್ನಡದ ವಿಷಯದಲ್ಲಿ ಇದು ಇನ್ನೂ ಸುಲಭವಾಗಿ ಆಗುತ್ತದೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬ ಲೇಖಕರ ಪುಸ್ತಕಗಳ ಪಟ್ಟಿಯನ್ನು ಚಾಟ್‌ಬಾಟ್‌ಗೆ ಕೇಳಿ ನೋಡಿ. ಒಬ್ಬರ ಕಾದಂಬರಿ ಇನ್ನೊಬ್ಬರ ಹೆಸರಿಗೆ ಸೇರಿರುವುದು, ಇಸವಿ ಅದಲು ಬದಲಾಗಿರುವುದು ಕಣ್ಣಿಗೆ ಬೀಳಬಹುದು. ಪರೀಕ್ಷಿಸುವುದು ಕಷ್ಟವಲ್ಲ. ಪ್ರಕಾಶಕರ ಹೆಸರು ಮತ್ತು ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಕೇಳಿ, ಆಮೇಲೆ ಅದನ್ನು ದೊಡ್ಡ ಲೈಬ್ರರಿಯ ಕ್ಯಾಟಲಾಗ್‌ನಲ್ಲಿ ಹುಡುಕಿ. ಹಳೆಯ ಕನ್ನಡ ಪುಸ್ತಕಕ್ಕೆ ಐಎಸ್‌ಬಿಎನ್ ಇರುವುದಿಲ್ಲ. ಆಗ ಕಬ್ಬನ್ ಪಾರ್ಕ್‌ನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ, ಬಸವನಗುಡಿಯ ವಿಶ್ವ ಸಂಸ್ಕೃತಿ ಸಂಸ್ಥೆಯ ಲೈಬ್ರರಿಯಲ್ಲಿ ವಿಚಾರಿಸಿ. ಅಲ್ಲಿ ಕೇಳಿ ತಿಳಿದುಕೊಳ್ಳುವುದೇ ಒಂದು ಪಾಠ.

ಕೆಎಎಸ್‌ಗೆ ಓದ್ತಿದ್ದೀನಿ. ಲೈಬ್ರರಿ ಕಂಪ್ಯೂಟರ್‌ನಲ್ಲಿ ಚಾಟ್‌ಬಾಟ್ ಬ್ಲಾಕ್ ಮಾಡಿದ್ರೆ ಅದು ತಪ್ಪಲ್ವಾ?

ತಪ್ಪು ಎಂದೇ ನನ್ನ ಅಭಿಪ್ರಾಯ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದವರು ಬಳಸುತ್ತಾರೆ. ಪಿಜಿಯಲ್ಲಿ ಇದ್ದುಕೊಂಡು ದಿನವಿಡೀ ಲೈಬ್ರರಿಯಲ್ಲಿ ಕೂರುವವರಿಗೆ ಮಾತ್ರ ಇಲ್ಲ ಎಂದರೆ ಅದು ನ್ಯಾಯ ಅಲ್ಲ. ಬ್ಲಾಕ್ ಮಾಡುವುದರ ಬದಲು ಕಂಪ್ಯೂಟರ್ ಪಕ್ಕ ಒಂದು ಚೀಟಿ ಅಂಟಿಸಲಿ: ಆಧಾರ್, ಫೋನ್ ನಂಬರ್, ಮನೆ ವಿಷಯ ಇಲ್ಲಿ ಹಾಕಬೇಡಿ, ಎದ್ದು ಹೋಗುವಾಗ ಲಾಗ್‌ಔಟ್ ಮಾಡಿ, ಬಂದ ಉತ್ತರವನ್ನು ಪುಸ್ತಕದಲ್ಲಿ ಪರೀಕ್ಷಿಸಿ. ಸಂವಿಧಾನದ ತಿದ್ದುಪಡಿ, ಕರ್ನಾಟಕದ ಇತಿಹಾಸದ ಇಸವಿಗಳಲ್ಲಿ ಎಐ ಧೈರ್ಯವಾಗಿ ತಪ್ಪು ಹೇಳುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವುದು ನಿಮ್ಮದು.

ಮಕ್ಕಳ ವಿಭಾಗದಲ್ಲಾದ್ರೂ ಫಿಲ್ಟರ್ ಹಾಕಲೇಬೇಕು ಅಲ್ವಾ ಮೇಡಂ?

ಮಕ್ಕಳಿಗೆ ಕಾಳಜಿ ಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಪದ ನೋಡಿ ತಡೆಯುವ ಫಿಲ್ಟರ್ ಕನ್ನಡದಲ್ಲಿ ಏನು ಮಾಡುತ್ತದೆ ನೋಡಿ. "ಮೊಲೆ" ಎಂಬ ಪದವನ್ನು ತಡೆಪಟ್ಟಿಗೆ ಹಾಕಿದರೆ 12ನೇ ಶತಮಾನದ ವಚನ ಹೋಗುತ್ತದೆ, ಜನಪದ ತ್ರಿಪದಿ ಹೋಗುತ್ತದೆ, ಬಾಣಂತಿಯರಿಗೆ ಮೊಲೆಹಾಲಿನ ಬಗ್ಗೆ ಆರೋಗ್ಯ ಇಲಾಖೆ ಹೇಳುವ ಮಾತೂ ಹೋಗುತ್ತದೆ. ಅದೇ ಹೊತ್ತಿಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೊಲಸು ಸಲೀಸಾಗಿ ಒಳಗೆ ಬರುತ್ತದೆ. ಋತುಸ್ರಾವದ ಬಗ್ಗೆ ಮನೆಯಲ್ಲಿ ಕೇಳಲಾರದ ಹನ್ನೆರಡು ವರ್ಷದ ಹುಡುಗಿ ಲೈಬ್ರರಿಯಲ್ಲಿ ಹುಡುಕಿದಾಗ "ಈ ಪುಟ ತಡೆಹಿಡಿಯಲಾಗಿದೆ" ಎಂದು ಬಂದರೆ, ತಾನು ಏನೋ ತಪ್ಪು ಮಾಡಿದೆ ಎಂದುಕೊಂಡು ಎದ್ದು ಹೋಗುತ್ತಾಳೆ. ಅವಳು ಮತ್ತೆ ಬಂದು ಕೇಳುವುದಿಲ್ಲ.

ಮಕ್ಕಳ ಕೋಣೆಯ ಕಂಪ್ಯೂಟರ್ ಸಿಬ್ಬಂದಿಗೆ ಕಾಣುವ ಜಾಗದಲ್ಲಿರಲಿ. ಅಶ್ಲೀಲ ಚಿತ್ರದ ತಾಣಗಳನ್ನು ತಡೆಯಲಿ. ತಪ್ಪಾಗಿ ತಡೆದದ್ದನ್ನು ಆ ಕ್ಷಣವೇ ಬಿಡಿಸಿಕೊಡುವ ಅಧಿಕಾರ ಅಲ್ಲಿರುವ ಲೈಬ್ರರಿಯನ್‌ಗೆ ಇರಲಿ. ನಿಮ್ಮ ಮಗು ಏನು ಓದಬೇಕು ಎಂದು ನೀವು ತೀರ್ಮಾನಿಸಬಹುದು. ಪಕ್ಕದ ಮನೆ ಮಗುವಿಗೂ ನೀವೇ ತೀರ್ಮಾನಿಸಲು ಬರುವುದಿಲ್ಲ.

ನಮ್ಮಪ್ಪಂಗೆ ಕಣ್ಣು ಕಾಣಲ್ಲ. ಲೈಬ್ರರಿ ಪುಸ್ತಕನ ಎಐ ಓದಿ ಹೇಳೋ ಹಾಗೆ ಮಾಡಿಕೊಡಬಹುದಾ? ಕಾಪಿರೈಟ್ ಅಂತ ಹೆದರಿಸ್ತಾರೆ.

ಧಾರಾಳವಾಗಿ ಮಾಡಬಹುದು. 2012ರ ತಿದ್ದುಪಡಿಯಿಂದ ನಮ್ಮ ಕಾಪಿರೈಟ್ ಕಾಯ್ದೆ ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಪುಸ್ತಕವನ್ನು ಬದಲಿಸಲು ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊದಲು ಅನುಮೋದಿಸಿದ ದೇಶವೇ ಭಾರತ, 2014ರಲ್ಲಿ. ಲೈಬ್ರರಿಗೆ ಎಐ ತರಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ. ಕೇಳಿದವರಿಗೆ ಮಾಡಿಕೊಡುವ ಉಪಕಾರ ಇದಾಗಬಾರದು. ಇದು ನಮ್ಮ ಕರ್ತವ್ಯ ಎಂದು ನೀತಿಯಲ್ಲೇ ಬರೆಯಬೇಕು.

## ನಮ್ಮ ಓದು, ನಮ್ಮ ಗುಟ್ಟು

ನಾನೇನು ಓದ್ತೀನಿ ಅಂತ ಯಾರಿಗಾದ್ರೂ ಗೊತ್ತಾದ್ರೆ ಏನಂತೆ? ನಾನೇನೂ ತಪ್ಪು ಮಾಡ್ತಿಲ್ವಲ್ಲ.

ಒಂದು ಸಂದರ್ಭ ನೆನೆಸಿಕೊಳ್ಳಿ. ಒಬ್ಬ ಹೆಂಗಸು ವಿಚ್ಛೇದನದ ಕಾನೂನಿನ ಪುಸ್ತಕ ತೆಗೆದುಕೊಂಡಿದ್ದಾರೆ. ಒಬ್ಬರು ಕ್ಯಾನ್ಸರ್ ಬಗ್ಗೆ ಓದುತ್ತಿದ್ದಾರೆ, ಮನೆಯವರಿಗೆ ಇನ್ನೂ ಹೇಳಿಲ್ಲ. ಒಬ್ಬ ಹುಡುಗ ತನ್ನ ಮನೆಯವರ ಧರ್ಮ ಬಿಟ್ಟು ಬೇರೆ ಧರ್ಮದ ಪುಸ್ತಕ ನೋಡುತ್ತಿದ್ದಾನೆ. ಇವರಲ್ಲಿ ಯಾರೂ ತಪ್ಪು ಮಾಡುತ್ತಿಲ್ಲ. ಆದರೆ ಎಂಟ್ರಿ ರಿಜಿಸ್ಟರ್ ಬಾಗಿಲಲ್ಲೇ ತೆರೆದು ಬಿದ್ದಿದ್ದರೆ, ಹೆಸರು, ಮೊಬೈಲ್ ನಂಬರ್, ಪುಸ್ತಕದ ಹೆಸರು ಹಿಂದೆ ಬಂದವರಿಗೆಲ್ಲ ಕಾಣುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ನಮ್ಮ ಬೆಂಗಳೂರಿನವರೇ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ ಆ ಕಾಯ್ದೆ. ಆದರೆ ಅದು ಡಿಜಿಟಲ್ ಮಾಹಿತಿಗೆ ಮಾತ್ರ. ಬಾಗಿಲ ಬಳಿಯ ರಿಜಿಸ್ಟರ್‌ಗೆ ನಮ್ಮ ಲೈಬ್ರರಿಗಳೇ ನಿಯಮ ಮಾಡಿಕೊಳ್ಳಬೇಕು.

ಎಐ ಇದನ್ನು ಇನ್ನೂ ಸೂಕ್ಷ್ಮ ಮಾಡಿದೆ. ಮೊದಲು ಒಬ್ಬರ ಓದಿನ ಪಟ್ಟಿ ಹತ್ತಾರು ರಿಜಿಸ್ಟರ್‌ಗಳಲ್ಲಿ ಚದುರಿ ಹೋಗಿರುತ್ತಿತ್ತು. ಈಗ ಅದನ್ನು ಒಟ್ಟು ಮಾಡಿ ಇವರ ಜಾತಿ, ರಾಜಕೀಯ, ಕಾಯಿಲೆ ಇಂಥದ್ದು ಇರಬಹುದು ಎಂದು ಊಹಿಸಲು ಕ್ಷಣ ಸಾಕು.

ಪೊಲೀಸರು ಬಂದು ಯಾರ್ಯಾರು ಏನು ಓದಿದ್ರು ಅಂತ ಲಿಸ್ಟ್ ಕೇಳಿದ್ರೆ ಕೊಡದೇ ಇರೋಕೆ ಆಗುತ್ತಾ?

ಠಾಣಾಧಿಕಾರಿ ಅಥವಾ ಕೋರ್ಟು ಕಾನೂನಿನ ಪ್ರಕಾರ ಲಿಖಿತವಾಗಿ ಕೇಳಿದರೆ ಕೊಡಬೇಕಾಗುತ್ತದೆ. ಬಾಯಿ ಮಾತಲ್ಲಿ ಕೇಳಿದರೆ "ದಯವಿಟ್ಟು ಬರೆದು ಕೊಡಿ, ಮೇಲಧಿಕಾರಿಗೆ ಕಳಿಸುತ್ತೇನೆ" ಎಂದು ಹೇಳುವ ಧೈರ್ಯ ಸಿಬ್ಬಂದಿಗೆ ಬರಬೇಕಾದರೆ ಹಾಗೆಂದು ನೀತಿಯಲ್ಲಿ ಇರಬೇಕು. ಅಮೆರಿಕದಲ್ಲಿ ಲೈಬ್ರರಿ ದಾಖಲೆ ಕೇಳುವ ಅಧಿಕಾರವನ್ನು ತನಿಖಾಧಿಕಾರಿಗಳಿಗೆ ಕೊಟ್ಟ 2001ರ ಪೇಟ್ರಿಯಟ್ ಕಾಯ್ದೆ ಬಂದ ಮೇಲೆ ಹಲವು ಲೈಬ್ರರಿಗಳು ಒಂದು ದಾರಿ ಕಂಡುಕೊಂಡವು. ಪುಸ್ತಕ ವಾಪಸ್ ಬಂದ ಕೂಡಲೇ ಯಾರು ಒಯ್ದಿದ್ದರು ಎಂಬ ದಾಖಲೆಯನ್ನೇ ಅಳಿಸಿದವು. ಇಲ್ಲದ್ದನ್ನು ಯಾರೂ ಕೇಳಲಾರರು. ಬೇಡದ ಮಾಹಿತಿ ಇಟ್ಟುಕೊಳ್ಳದಿರುವುದೇ ಅತಿ ಗಟ್ಟಿ ರಕ್ಷಣೆ.

ಗೇಟಲ್ಲಿ ಮುಖ ಗುರುತಿಸೋ ಕ್ಯಾಮೆರಾ ಹಾಕಿದ್ರೆ ಪುಸ್ತಕ ಕಳ್ಳತನ ನಿಲ್ಲುತ್ತಲ್ವಾ?

ಒಂದು ಪುಸ್ತಕ ಕಳೆದರೆ ಇನ್ನೊಂದು ಕೊಳ್ಳಬಹುದು. ಮುಖದ ದತ್ತಾಂಶ ಕಳೆದರೆ ಇನ್ನೊಂದು ಮುಖ ಸಿಗುವುದಿಲ್ಲ. ಬೇಡ.

## ಕನ್ನಡದ ಕಥೆ

ಎಐಗೆ ಕನ್ನಡ ಸರಿಯಾಗಿ ಬರಲ್ಲ. ಆದ್ರೂ ಕನ್ನಡ ಲೈಬ್ರರಿಗೆ ಅದು ಯಾಕೆ?

ಯಾಕೆಂದರೆ ಹಳೆಯ ಕನ್ನಡ ಪುಸ್ತಕಗಳು ನಮ್ಮ ಕಣ್ಣ ಮುಂದೆ ಪುಡಿಯಾಗುತ್ತಿವೆ. ನೂರು ವರ್ಷ ಹಿಂದಿನ ಅಚ್ಚಿನ ಒಂದು ಪುಸ್ತಕ ಕೈಗೆತ್ತಿಕೊಳ್ಳಿ. ಕಾಗದ ಕಂದಾಗಿದೆ, ಮಡಿಸಿದ ಮೂಲೆ ಹಪ್ಪಳದ ಹಾಗೆ ಮುರಿಯುತ್ತದೆ, ಹಿಂದಿನ ಪುಟದ ಮಸಿ ಈ ಪುಟಕ್ಕೆ ಇಳಿದಿದೆ. ಅದನ್ನು ಸ್ಕ್ಯಾನ್ ಮಾಡಿ ಹುಡುಕಲು ಬರುವ ಪಠ್ಯವಾಗಿ ಮಾಡಲು ಎಐ ಬೇಕೇ ಬೇಕು. ಬೆಂಗಳೂರಿನಲ್ಲಿ ಸ್ವಯಂಸೇವಕರು ಹೀಗೆ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಆನ್‌ಲೈನ್ ಸಂಗ್ರಹಕ್ಕೆ ಸೇರಿಸಿರುವ ಕನ್ನಡ ಪುಸ್ತಕಗಳಿಂದ ನನ್ನಂಥವರಿಗೆ ಎಷ್ಟು ಉಪಕಾರವಾಗಿದೆ ಎಂದು ಹೇಳಿ ತೀರದು.

ತಪ್ಪುಗಳು ಎಲ್ಲಿ ಆಗುತ್ತವೆ ಎಂಬುದನ್ನು ಹತ್ತಿರದಿಂದ ನೋಡಬೇಕು. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಗೀಟು. ಮಸಿ ಸ್ವಲ್ಪ ಹರಡಿದರೆ ಅದು ಮುಚ್ಚಿ ಹೋಗುತ್ತದೆ. ಆಗ "ಧನ" ಇದ್ದದ್ದು "ದನ" ಆಗುತ್ತದೆ. ಒತ್ತಕ್ಷರ ಕೆಳಗಿನ ಸಾಲಿಗೆ ಅಂಟಿಕೊಂಡಿದ್ದರೆ ಪದವೇ ಮುರಿಯುತ್ತದೆ. ಅರ್ಕಾವತ್ತು ಎಲ್ಲಿ ಸೇರಬೇಕೋ ಯಂತ್ರಕ್ಕೆ ತಿಳಿಯುವುದಿಲ್ಲ. ಹೀಗಾದ ಪಠ್ಯದಲ್ಲಿ ನೀವು ಸರಿಯಾಗಿ ಟೈಪ್ ಮಾಡಿ ಹುಡುಕಿದರೂ ಆ ಪುಟ ಸಿಗುವುದಿಲ್ಲ. ಯಾರೂ ನಿಷೇಧಿಸದೆ ಪುಸ್ತಕ ಕಾಣೆಯಾದಂತೆ. ನನ್ನ ಮಟ್ಟಿಗೆ ಇದೂ ಓದುವ ಸ್ವಾತಂತ್ರ್ಯದ ಪ್ರಶ್ನೆಯೇ.

ಅದಕ್ಕೆ ಮೂಲ ಪುಟದ ಚಿತ್ರ ಯಾವಾಗಲೂ ಪಠ್ಯದ ಜೊತೆಯಲ್ಲೇ ಇರಬೇಕು. ಓದುಗರು ತಪ್ಪು ತಿದ್ದಲು ಅವಕಾಶ ಇರಬೇಕು. ಯಂತ್ರ ಓದಿದ್ದು ಯಾವುದು, ಮನುಷ್ಯರು ತಿದ್ದಿದ್ದು ಯಾವುದು ಎಂದು ಗುರುತು ಇರಬೇಕು.

ಹಳೇ ಪುಸ್ತಕ ಎಲ್ಲಾ ಎಐ ಕಂಪನಿಗೆ ಕೊಟ್ಟುಬಿಟ್ರೆ ಕನ್ನಡ ಉಳಿಯುತ್ತಲ್ವಾ?

ಕನ್ನಡ ಎಐಗೆ ಬರಬೇಕು ಎಂಬ ಆಸೆ ನನಗೂ ಇದೆ. ಕೊಡುವ ಮೊದಲು ಯಾವುದು ಯಾರದ್ದು ಎಂದು ನೋಡಬೇಕು. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಅವರ ವಾರಸುದಾರರದ್ದು. ಅದು ಮುಗಿದ ಪುಸ್ತಕ ಎಲ್ಲರದ್ದು. ಆದ್ದರಿಂದ ಒಂದು ಕಂಪನಿಗೆ ಮಾತ್ರ ಕೊಡುವ ಬದಲು ಕಾಲೇಜು ಹುಡುಗಿಯೂ ದೊಡ್ಡ ಕಂಪನಿಯೂ ಒಂದೇ ರೀತಿ ಇಳಿಸಿಕೊಳ್ಳುವ ಹಾಗೆ ತೆರೆದಿಡಲಿ. ಹಕ್ಕು ಮುಗಿಯದ ಪುಸ್ತಕದ ಪ್ರತಿ ತನ್ನಲ್ಲಿದ್ದರೆ, ಅದನ್ನು ಕಾಪಾಡಲು ಲಾಭದ ಉದ್ದೇಶವಿಲ್ಲದ ಲೈಬ್ರರಿ ಡಿಜಿಟಲ್ ಮಾಡಿ ಇಟ್ಟುಕೊಳ್ಳಬಹುದು, ಕಾನೂನು ಅಷ್ಟಕ್ಕೆ ಬಿಡುತ್ತದೆ. ಎಐಗೆ ಭಾಷೆ ಕಲಿಸುವ ತರಬೇತಿಗೆ ಎಂದು ಕಂಪನಿಗೆ ಕೊಡುವುದು ಬೇರೆ. ಒಪ್ಪಿಗೆ ಇಲ್ಲದೆ ಬರಹವನ್ನು ಎಐ ತರಬೇತಿಗೆ ಬಳಸಬಹುದೇ ಎಂಬ ಪ್ರಶ್ನೆಯನ್ನು ಎಎನ್‌ಐ ಸುದ್ದಿಸಂಸ್ಥೆ 2024ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ವಿರುದ್ಧ ದೆಹಲಿ ಹೈಕೋರ್ಟಿಗೆ ಒಯ್ದಿತು. ಲೇಖಕರನ್ನು ಕೇಳಿ ಕೊಡುವುದೇ ಮರ್ಯಾದೆ.

## ನೀತಿ ಬರೆಯುವವರಿಗೆ, ಕೇಳುವವರಿಗೆ

ನಾನು ಲೈಬ್ರರಿ ಸಮಿತಿಯಲ್ಲಿದ್ದೇನೆ. ನೀತಿ ಎಷ್ಟು ಉದ್ದ ಇರಬೇಕು? ಏನು ಬರೀಬೇಕು?

ಎರಡು ಪುಟ ಸಾಕು. ಶಾಖಾ ಗ್ರಂಥಾಲಯದ ಗೋಡೆಗೆ ಅಂಟಿಸಿದರೆ ನಿಂತುಕೊಂಡೇ ಓದಿ ಮುಗಿಸುವಂತಿರಬೇಕು. ಮೊದಲು ಕನ್ನಡದಲ್ಲಿ ಬರೆಯಿರಿ, ಇಂಗ್ಲಿಷಿನಲ್ಲಿ ಬರೆದು ಆಮೇಲೆ ತಿರುಗಿಸಬೇಡಿ. ನಾನಾದರೆ ಹೀಗೆ ಶುರು ಮಾಡುತ್ತೇನೆ:

"ಈ ಗ್ರಂಥಾಲಯದಲ್ಲಿ ಯಾವುದೇ ಪುಸ್ತಕವನ್ನು ಸೇರಿಸುವ, ತೆಗೆಯುವ, ತಡೆಯುವ ತೀರ್ಮಾನವನ್ನು ಕೃತಕ ಬುದ್ಧಿಮತ್ತೆಗೆ ಬಿಡುವುದಿಲ್ಲ. ಪ್ರತಿ ತೀರ್ಮಾನದ ಕೆಳಗೆ ಅದನ್ನು ಮಾಡಿದವರ ಹೆಸರು, ಹುದ್ದೆ, ಕಾರಣ ಇರುತ್ತದೆ. ಓದುಗರ ಓದಿನ ದಾಖಲೆಯನ್ನು ಪುಸ್ತಕ ಹಿಂತಿರುಗಿದ ಮೇಲೆ ಉಳಿಸಿಕೊಳ್ಳುವುದಿಲ್ಲ. ಎಐ ಎಲ್ಲಿ ಬಳಸುತ್ತಿದ್ದೇವೆ ಎಂಬ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕುತ್ತೇವೆ."

ಇದಕ್ಕೆ ದೂರಿನ ಕ್ರಮ, ಮಕ್ಕಳ ವಿಭಾಗ, ಅಂಗವಿಕಲರ ಸೌಲಭ್ಯ, ಸಿಬ್ಬಂದಿಯ ತರಬೇತಿ ಸೇರಿಸಿ. ವರ್ಷಕ್ಕೊಮ್ಮೆ ಪರಿಷ್ಕಾರ ಎಂದು ದಿನಾಂಕ ಸಮೇತ ಬರೆಯಿರಿ. ಯಾವ ಕಂಪನಿಯ, ಯಾವ ಆ್ಯಪ್‌ನ ಹೆಸರನ್ನೂ ಹಾಕಬೇಡಿ. ಹೆಸರು ಆರು ತಿಂಗಳಿಗೆ ಬದಲಾಗುತ್ತದೆ.

ಒಂದು ಕಂಪನಿ ಫ್ರೀಯಾಗಿ ಕೊಡ್ತೀವಿ ಅಂತಿದೆ. ಬೇಡ ಅನ್ನೋಕೆ ಆಗುತ್ತಾ?

ಬೆಂಗಳೂರಿನಲ್ಲಿ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಎಲ್ಲರ ಉದ್ದೇಶವೂ ಕೆಟ್ಟದ್ದೇನಲ್ಲ. ಆದರೂ ಸಹಿ ಹಾಕುವ ಮುಂಚೆ ಕೇಳಬೇಕಾದ್ದು ಕೇಳಿ. ಓದುಗರು ಟೈಪ್ ಮಾಡಿದ್ದು ಎಲ್ಲಿ ಉಳಿಯುತ್ತದೆ, ಎಷ್ಟು ದಿನ? ಅದನ್ನು ನಿಮ್ಮ ಎಐ ತರಬೇತಿಗೆ ಬಳಸುತ್ತೀರಾ? ನಾಳೆ ನಾವು ಬಿಟ್ಟರೆ ನಮ್ಮ ಕ್ಯಾಟಲಾಗ್ ನಮಗೆ ವಾಪಸ್ ಸಿಗುತ್ತದಾ? ಎರಡನೇ ವರ್ಷ ದುಡ್ಡು ಎಷ್ಟು? ಕನ್ನಡದಲ್ಲಿ ಪರೀಕ್ಷೆ ಮಾಡಿ ತೋರಿಸುತ್ತೀರಾ? ಉತ್ತರವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಬರೆಯುವುದಿಲ್ಲ ಎಂದರೆ ಕೈಮುಗಿದು ಬೇಡ ಅನ್ನಿ.

ನಾನು ಬರೀ ಓದುಗ. ನಮ್ಮ ಲೈಬ್ರರಿಯಲ್ಲಿ ಇಂಥ ನೀತಿ ಇದೆಯಾ ಅಂತ ಹೇಗೆ ತಿಳ್ಕೊಳ್ಳೋದು?

ಮೊದಲು ಕೌಂಟರ್‌ನಲ್ಲಿ ಸುಮ್ನೆ ಕೇಳಿ. ಜಗಳ ಬೇಡ, ಅಲ್ಲಿ ಕೂತಿರುವವರು ಬಹಳ ಸಲ ಒಬ್ಬರೇ ಇಡೀ ಶಾಖೆ ನೋಡಿಕೊಳ್ಳುತ್ತಿರುತ್ತಾರೆ. ಗೊತ್ತಿಲ್ಲ ಎಂದರೆ ನಿಮ್ಮ ವಲಯದ ನಗರ ಕೇಂದ್ರ ಗ್ರಂಥಾಲಯದ ಉಪನಿರ್ದೇಶಕರಿಗೆ ಪತ್ರ ಬರೆಯಿರಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯಲ್ಲಿ ಇಷ್ಟು ಕೇಳಿದರೆ ಸಾಕು: ಪುಸ್ತಕ ತೆಗೆಯುವ ಬಗ್ಗೆ ಲಿಖಿತ ನಿಯಮದ ಪ್ರತಿ, ಓದುಗರ ಎರವಲು ದಾಖಲೆಯನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬ ಆದೇಶದ ಪ್ರತಿ, ಗ್ರಂಥಾಲಯ ಬಳಸುವ ತಂತ್ರಾಂಶ ಮತ್ತು ಆ್ಯಪ್‌ಗಳ ಪಟ್ಟಿ, ಅವುಗಳ ಒಪ್ಪಂದದ ಪ್ರತಿ, ಪ್ರಾಧಿಕಾರದ ಕೊನೆಯ ಸಭೆಯ ದಿನಾಂಕ ಮತ್ತು ನಡಾವಳಿ. "ಯಾಕೆ" ಎಂಬ ಪ್ರಶ್ನೆ ಅರ್ಜಿಯಲ್ಲಿ ಬೇಡ, ದಾಖಲೆಯನ್ನಷ್ಟೇ ಕೇಳಿ. ಬಂದ ಉತ್ತರವನ್ನು ನಿಮ್ಮ ಲೈಬ್ರರಿಯ ಇತರ ಓದುಗರಿಗೂ ತೋರಿಸಿ. ನೀತಿ ಇಲ್ಲ ಎಂದು ಬಂದರೆ ಹತ್ತು ಜನ ಸಹಿ ಹಾಕಿ, ಮೇಲೆ ನಾನು ಬರೆದ ನೀತಿಯ ನಾಲ್ಕು ಸಾಲುಗಳನ್ನು ಜೊತೆಗಿಟ್ಟು, ಮುಂದಿನ ಸಭೆಯ ವಿಷಯಸೂಚಿಗೆ ಸೇರಿಸಿ ಎಂದು ಪ್ರಾಧಿಕಾರಕ್ಕೆ ಕಳಿಸಿ.